ಹಡಗು ನಿಂತ ಊರನ್ನೇ ನೋಡೋಣ

ಮೆಡಿಟರೇನಿಯನ್ ಕ್ರೂಸಿನ ಯಾವ ಪುಸ್ತಿಕೆಯನ್ನಾದರೂ ತೆರೆಯಿರಿ, ಇಟಲಿಯ ದಿನಗಳ ಎದುರಿಗೆ ರೋಮ್, ಫ್ಲಾರೆನ್ಸ್, ವೆನಿಸ್ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಚಿವಿತಾವೆಕ್ಕಿಯಾ, ಲಿವೋರ್ನೊ, ರವೆನ್ನಾ ಎಂಬ ಇನ್ನೂ ಮೂರು ಹೆಸರುಗಳಿರುತ್ತವೆ. ಹಡಗು ಹೋಗಿ ನಿಲ್ಲುವುದು ಈ ಸಣ್ಣಕ್ಷರದ ಊರುಗಳಲ್ಲಿ. ಚಿವಿತಾವೆಕ್ಕಿಯಾದಿಂದ ರೋಮಿಗೆ ಹೆಚ್ಚುಕಡಿಮೆ 75 ಕಿಲೋಮೀಟರ್. ಲಿವೋರ್ನೊದಿಂದ ಫ್ಲಾರೆನ್ಸಿಗೆ 90. ರವೆನ್ನಾದ ಬಂದರಿನಿಂದ ವೆನಿಸ್ಸಿಗೆ ರಸ್ತೆಯಲ್ಲಿ 150ರ ಹತ್ತಿರ. ಬೆಳಿಗ್ಗೆ ಹೊರಟು ಇಷ್ಟು ದೂರ ಹೋಗಿ, ಹಡಗು ಬಿಡುವುದರೊಳಗೆ ವಾಪಸು ಬಂದು ಮುಟ್ಟುವ ಟೂರುಗಳನ್ನು ಹಡಗಿನ ಕಂಪನಿಗಳು ಶೋರ್ ಎಕ್ಸ್‌ಕರ್ಷನ್ ಎಂಬ ಹೆಸರಿನಲ್ಲಿ ಮಾರುತ್ತವೆ.

ನಮ್ಮವರಿಗೆ ಈ ಪ್ರಯಾಣ ಈಗ ಅಪರೂಪವೇನಲ್ಲ. ಜರ್ಮನಿಯಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳು ನಿವೃತ್ತರಾದ ಅಪ್ಪ ಅಮ್ಮನಿಗೆ ಟಿಕೆಟ್ ತೆಗೆದುಕೊಡುತ್ತಾರೆ. ಬೆಂಗಳೂರಿನ ಟ್ರಾವೆಲ್ ಏಜೆಂಟರು ಗುಂಪು ಕಟ್ಟಿಕೊಂಡು ಹೋಗುತ್ತಾರೆ. ಕ್ಯಾಬಿನ್ ಕಾಯ್ದಿರಿಸುವ ತನಕ ಎಲ್ಲವೂ ಸರಾಗ. ಆಮೇಲೆ ಎದುರಾಗುವ ಟೂರುಗಳ ಉದ್ದ ಪಟ್ಟಿಯ ಮುಂದೆ ಎಲ್ಲರೂ ತಡವರಿಸುತ್ತಾರೆ, ಕೊನೆಗೆ ಹೆಚ್ಚಿನವರು ದೊಡ್ಡ ಹೆಸರಿಗೇ ಗುರುತು ಹಾಕುತ್ತಾರೆ. ಆ ಆಯ್ಕೆ ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹಡಗಿನಿಂದ ಇಳಿದ ದಿನವನ್ನು ಮುಕ್ಕಾಲು ಗಂಟೆಯೊಳಗೆ ತಲುಪಬಹುದಾದ ಒಂದೇ ಒಂದು ಜಾಗಕ್ಕೆ ಕೊಡಬೇಕು. ರೋಮ್, ಫ್ಲಾರೆನ್ಸ್, ವೆನಿಸ್‌ಗಳನ್ನು ಹಗಲೊಂದರಲ್ಲಿ ಮುಗಿಸುವ ಆಸೆಯನ್ನು ಕೈಬಿಡಬೇಕು.

ರೋಮಿನ ಲೆಕ್ಕವನ್ನೇ ಹಾಕಿ ನೋಡೋಣ. ಹಡಗು ಬೆಳಿಗ್ಗೆ ಏಳಕ್ಕೆ ಬಂದು ಸಂಜೆ ಏಳಕ್ಕೆ ಹೊರಡುತ್ತದೆ ಎಂದಿಟ್ಟುಕೊಳ್ಳಿ. ಹನ್ನೆರಡು ಗಂಟೆ ಕೈಯಲ್ಲಿದೆ ಅನ್ನಿಸುತ್ತದೆ. ಟೂರಿಗೆ ಹೆಸರು ಕೊಟ್ಟವರು ಮೊದಲು ಹಡಗಿನ ಥಿಯೇಟರಿನಲ್ಲಿ ಸೇರಬೇಕು, ಅಂಗಿಗೆ ನಂಬರಿನ ಸ್ಟಿಕರ್ ಅಂಟಿಸಿಕೊಳ್ಳಬೇಕು, ನಂಬರ್ ಕರೆದಾಗ ಸಾಲಾಗಿ ಇಳಿಯಬೇಕು. ಬಸ್ಸು ಹೊರಡುವಾಗ ಎಂಟಾದರೂ ಆಗಿರುತ್ತದೆ. ಬೆಳಗಿನ ಟ್ರಾಫಿಕ್ಕಿನಲ್ಲಿ ರೋಮ್ ಮುಟ್ಟುವಾಗ ಹತ್ತು. ಹಡಗು ಬಿಡುವುದಕ್ಕೆ ಅರ್ಧ ಗಂಟೆಯೋ ಒಂದು ಗಂಟೆಯೋ ಮೊದಲೇ ಎಲ್ಲರೂ ಒಳಗಿರಬೇಕು, ಹಾಗಾಗಿ ಬಸ್ಸು ನಾಲ್ಕಕ್ಕೇ ರೋಮ್ ಬಿಡುತ್ತದೆ. ಉಳಿದ ಆರು ಗಂಟೆಯಲ್ಲಿ ಊಟ ಆಗಬೇಕು, ಶೌಚಾಲಯದ ಸಾಲು ಕರಗಬೇಕು, ನಲವತ್ತು ಐವತ್ತು ಮಂದಿಯ ತಲೆಯೆಣಿಕೆ ಮತ್ತೆ ಮತ್ತೆ ನಡೆಯಬೇಕು. ದೊಡ್ಡ ಬಸ್ಸುಗಳಿಗೆ ಹಳೆಯ ಊರಿನೊಳಗೆ ನಿರ್ಬಂಧ ಇರುವುದರಿಂದ ನಿಲ್ಲಿಸಿದ ಕಡೆಯಿಂದ ನಡೆಯುವುದೂ ಇದೆ. ನೋಡಲಿಕ್ಕೆ ನಿಜವಾಗಿ ಸಿಗುವುದು ನಾಲ್ಕು ಗಂಟೆ.

ವ್ಯಾಟಿಕನ್ ಮ್ಯೂಸಿಯಂ ಒಂದೇ ಆ ನಾಲ್ಕು ಗಂಟೆಯನ್ನು ತಿಂದುಬಿಡುತ್ತದೆ. ಟೂರಿನ ಪಟ್ಟಿಯಲ್ಲಾದರೋ ಕೊಲೋಸಿಯಂ, ಫೋರಂ, ಪ್ಯಾಂಥಿಯಾನ್, ಟ್ರೆವಿ ಕಾರಂಜಿ, ಸಂತ ಪೀಟರರ ಚರ್ಚು ಎಲ್ಲವೂ ಇರುತ್ತವೆ. ಅವುಗಳಲ್ಲಿ ಅರ್ಧಕ್ಕೆ ಹೊರಗಿನಿಂದಲೇ ದರ್ಶನ. ಮೈಕೆಲೆಂಜೆಲೊ 1508ರಿಂದ 1512ರವರೆಗೆ ದುಡಿದು ಚಿತ್ರ ಬರೆದ, ಆ ಮ್ಯೂಸಿಯಮ್ಮಿನೊಳಗಿನ ಸಿಸ್ಟೀನ್ ಚಾಪೆಲ್ಲಿನ ಚಾವಣಿಯ ಕೆಳಗೆ ಗೈಡ್ ಮಾತಾಡುವಂತಿಲ್ಲ, ಅದು ಅಲ್ಲಿಯ ನಿಯಮ. ಹಾಗಾಗಿ ಹೊರಗಿನ ಅಂಗಳದಲ್ಲೇ ಚಿತ್ರಫಲಕದ ಮುಂದೆ ನಿಲ್ಲಿಸಿ ಪಾಠ ಮುಗಿಸುತ್ತಾರೆ. ಒಳಗೆ ಹೋದವರು ಭುಜಕ್ಕೆ ಭುಜ ತಾಗಿಸಿಕೊಂಡು, ಕತ್ತೆತ್ತಿ, ಹೊರಗೆ ಕೇಳಿದ್ದರಲ್ಲಿ ಯಾವುದು ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಗುಂಪು ಬಾಗಿಲು ದಾಟಿರುತ್ತದೆ. ಕಿವಿಗೆ ಹಾಕಿಕೊಂಡ ಯಂತ್ರದಲ್ಲಿ ಗೈಡಿನ ದನಿ ಕ್ಷೀಣಿಸುತ್ತಿದ್ದಂತೆ ಎದೆ ಹೊಡೆದುಕೊಳ್ಳುತ್ತದೆ. ಕಣ್ಣು ಚಾವಣಿ ಬಿಟ್ಟು ನಂಬರಿನ ಹಲಗೆಯನ್ನು ಅರಸುತ್ತದೆ. ಜಗತ್ತಿನ ಅತ್ಯುತ್ತಮ ಚಿತ್ರಗಳ ಎದುರಿಗೆ ಮನುಷ್ಯ ಹೀಗೆ ಗಾಬರಿಯಲ್ಲಿ ನಿಲ್ಲಬಾರದು.

ಇಲ್ಲಿ ಹಡಗಿನ ಕಂಪನಿಗಳು ಕೊಡುವ ಒಂದು ಭರವಸೆಯನ್ನು ಸರಿಯಾಗಿ ತೂಗಬೇಕು. ಹಡಗಿನ ಮೂಲಕವೇ ಕಾಯ್ದಿರಿಸಿದ ಟೂರಿನ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಅಥವಾ ಮುಂದಿನ ಬಂದರಿಗೆ ತಲುಪಿಸುವ ಹೊಣೆಯನ್ನು ಕಂಪನಿ ಹೊರುತ್ತದೆ. ಸ್ವಂತವಾಗಿ ಹೋದವರಿಗೆ ಆ ಆಸರೆ ಇಲ್ಲ. ಹಡಗು ಹೋದರೆ ಹೋಯಿತು. ಇಟಲಿಯಲ್ಲಿ ರೈಲ್ವೆ ಮುಷ್ಕರ ಆಗಾಗ ಬರುವಂಥದ್ದು. ಕೆಲಸದ ದಿನಗಳಲ್ಲಿ ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಆರರಿಂದ ಒಂಬತ್ತು ಪ್ರಾದೇಶಿಕ ರೈಲು ಓಡಲೇಬೇಕೆಂಬ ಏರ್ಪಾಟಿದೆ, ಆದರೆ ಹಡಗಿಗೆ ಮರಳುವವರಿಗೆ ರೈಲು ಬೇಕಾಗುವುದು ನಡುಮಧ್ಯಾಹ್ನ. ಹೀಗಾಗಿ ಕಂಪನಿಯ ಭರವಸೆ ಹುಸಿಯಲ್ಲ, ಅದಕ್ಕೆ ದುಡ್ಡು ಕೊಡುವವರು ಮೂರ್ಖರೂ ಅಲ್ಲ. ನಾನು ಕೇಳುವುದು ಬೇರೆ. ಆ ಭರವಸೆ ಬೇಕೇಬೇಕು ಅನ್ನಿಸುವುದು ನೂರು ನೂರೈವತ್ತು ಕಿಲೋಮೀಟರ್ ದೂರ ಹೋಗುವಾಗ. ದೂರ ಹೆಚ್ಚಿದಷ್ಟೂ ನೋಡುವ ಹೊತ್ತು ಕರಗುತ್ತದೆ. ಅಂದರೆ ಕಂಪನಿ ಅತಿ ಹೆಚ್ಚು ಬೆಲೆಗೆ ಮಾರುವ ನೆಮ್ಮದಿ, ಅತಿ ಕಡಿಮೆ ಫಲ ಕೊಡುವ ಟೂರಿಗೆ ಅಂಟಿಕೊಂಡಿದೆ. ಇಪ್ಪತ್ತು ಕಿಲೋಮೀಟರ್ ಆಚೆ ಹೋದವನಿಗೆ ರೈಲು ತಪ್ಪಿದರೆ ಟ್ಯಾಕ್ಸಿ ಇದೆ.

ಚಿವಿತಾವೆಕ್ಕಿಯಾದಿಂದ ಉತ್ತರಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ, ಇಪ್ಪತ್ತು ಕಿಲೋಮೀಟರಿನಲ್ಲಿ, ತಾರ್ಕ್ವಿನಿಯಾ ಇದೆ. ರೋಮ್ ಇನ್ನೂ ಸಣ್ಣ ಊರಾಗಿದ್ದಾಗ ಈ ಸೀಮೆಯನ್ನು ಆಳಿದವರು ಎಟ್ರುಸ್ಕನ್ನರು. ಅವರ ಊರುಗಳು ಬಹುಪಾಲು ಅಳಿದುಹೋಗಿವೆ, ಸತ್ತವರಿಗಾಗಿ ಕೊರೆದ ಕೋಣೆಗಳು ಉಳಿದಿವೆ. ತಾರ್ಕ್ವಿನಿಯಾದ ಹೊರಗೆ ಮೊಂಟೆರೋಜಿ ಎಂಬ ದಿಬ್ಬದ ಮೇಲೆ ಸಾವಿರಾರು ಸಮಾಧಿಗಳಿವೆ, ಇನ್ನೂರರಷ್ಟರಲ್ಲಿ ಗೋಡೆಚಿತ್ರಗಳಿವೆ. 2004ರಲ್ಲಿ ಯುನೆಸ್ಕೊ ಇದನ್ನು ಚೆರ್ವೆಟೆರಿಯ ಸಮಾಧಿಗಳ ಜೊತೆಗೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಮೇಲಿನಿಂದ ನೋಡಿದರೆ ಬರೀ ಹುಲ್ಲುಗಾವಲು, ಅಲ್ಲಲ್ಲಿ ಹೆಂಚಿನ ಸಣ್ಣ ಮಾಡುಗಳು. ಒಂದೊಂದು ಮಾಡಿನೊಳಗೂ ಕಡಿದಾದ ಮೆಟ್ಟಿಲು. ಇಳಿದುಹೋದರೆ ಕತ್ತಲು, ತಂಪು, ಒಂದು ಗಾಜಿನ ಬಾಗಿಲು. ಪಕ್ಕದ ಗುಂಡಿ ಒತ್ತಿದರೆ ಒಳಗೆ ದೀಪ ಹತ್ತಿಕೊಳ್ಳುತ್ತದೆ. ಚಿರತೆಗಳ ಸಮಾಧಿ ಎಂದು ಕರೆಯುವ ಕೋಣೆಯಲ್ಲಿ ಎರಡು ಚಿರತೆಗಳ ಕೆಳಗೆ ಔತಣ ನಡೆದಿದೆ. ಗಂಡು ಹೆಣ್ಣು ಒಂದೇ ಮಂಚದಲ್ಲಿ ಒರಗಿಕೊಂಡಿದ್ದಾರೆ, ಒಬ್ಬ ಕೊಳಲೂದುತ್ತಿದ್ದಾನೆ, ಹುಡುಗರು ಪಾನೀಯ ಹಂಚುತ್ತಿದ್ದಾರೆ. ಹೆಂಡತಿ ಗಂಡನ ಸಮಕ್ಕೆ ಊಟಕ್ಕೆ ಒರಗುವುದನ್ನು ಕಂಡು ಗ್ರೀಕ್ ಲೇಖಕರು ಹೌಹಾರಿ ಬರೆದಿದ್ದಾರೆ. ಇನ್ನೊಂದು ಸಮಾಧಿಯಲ್ಲಿ ದೋಣಿ, ಗಾಳ ಹಾಕುವವನು, ಹಾರುವ ಹಕ್ಕಿಗಳ ಹಿಂಡು, ಬಂಡೆಯಿಂದ ನೀರಿಗೆ ತಲೆಕೆಳಗಾಗಿ ಜಿಗಿಯುತ್ತಿರುವ ಹುಡುಗ. ಕ್ರಿಸ್ತಪೂರ್ವ ಆರನೆಯ ಶತಮಾನದ ಬಣ್ಣ ಅದು. ಬಾಗಿಲ ಮುಂದೆ ನಿಲ್ಲಲಿಕ್ಕೆ ಇಬ್ಬರಿಗಷ್ಟೇ ಜಾಗ, ನೂಕುವವರು ಯಾರೂ ಇಲ್ಲ. ಸಾವಿನ ಮನೆಯಲ್ಲಿ ಇಷ್ಟು ಸಂತೋಷವನ್ನು ಯಾಕೆ ಬರೆದರು ಎಂದು ಯೋಚಿಸಲು ಸಮಯ ಸಿಗುತ್ತದೆ. ಇಂಗ್ಲಿಷ್ ಲೇಖಕ ಡಿ. ಎಚ್. ಲಾರೆನ್ಸ್ 1927ರಲ್ಲಿ ಇಲ್ಲಿಗೆ ಬಂದು ಒಂದೊಂದಾಗಿ ಈ ಮೆಟ್ಟಿಲುಗಳನ್ನು ಇಳಿದಿದ್ದ. ಚಿವಿತಾವೆಕ್ಕಿಯಾದಿಂದ ರೈಲಿನಲ್ಲಿ ಕಾಲು ಗಂಟೆ, ಆಮೇಲೆ ಊರಿನ ಬಸ್ಸು. ಸೋಮವಾರ ಮಾತ್ರ ಬಾಗಿಲು ಹಾಕಿರುತ್ತದೆ.

ಇದಕ್ಕೆ ಬರುವ ಆಕ್ಷೇಪ ಗಟ್ಟಿಯಾದದ್ದೇ. ಜೀವಮಾನದಲ್ಲಿ ಒಮ್ಮೆ ಹೋಗುವವರು ನಾವು. ರೋಮಿನ ಬಾಗಿಲ ತನಕ ಹೋಗಿ ರೋಮ್ ನೋಡದೆ ಬಂದೆವು ಎಂದರೆ ಮನಸ್ಸು ಒಪ್ಪುತ್ತದೆಯೇ? ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮಂಗಳೂರಿನ ಕಡೆಯ ಕಥೋಲಿಕ ಅಜ್ಜಿಯೊಬ್ಬರು ಹಡಗಿನಲ್ಲಿದ್ದರೆ ಅವರಿಗೆ ಸಂತ ಪೀಟರರ ಚರ್ಚಿನಲ್ಲಿ ಮೊಣಕಾಲೂರಿ ಕೂರುವ ಹತ್ತು ನಿಮಿಷಕ್ಕಾಗಿ ಇಡೀ ದಿನ ಕೊಟ್ಟರೂ ಸಾರ್ಥಕ. ಅದು ಯಾತ್ರೆ, ಅದಕ್ಕೆ ನನ್ನ ಲೆಕ್ಕ ಅನ್ವಯಿಸುವುದಿಲ್ಲ. ಆದರೆ ಅವರಿಗೂ ಹೇಳುವುದು ಇಷ್ಟೇ: ಕೊಲೋಸಿಯಂ ಸೇರಿಸಿದ ಟೂರು ಬೇಡ. ಚಿವಿತಾವೆಕ್ಕಿಯಾದಿಂದ ಪ್ರಾದೇಶಿಕ ರೈಲಿನಲ್ಲಿ ರೋಮಾ ಸಾನ್ ಪಿಯೆತ್ರೊ ನಿಲ್ದಾಣದಲ್ಲಿ ಇಳಿದರೆ ಚರ್ಚಿನ ಚೌಕ ನಡಿಗೆಯ ದೂರದಲ್ಲಿದೆ. ಅದೊಂದನ್ನೇ ನೋಡಿ ಮಧ್ಯಾಹ್ನದ ರೈಲಿಗೆ ಮರಳಬಹುದು. ಬುಧವಾರ ಬೆಳಿಗ್ಗೆ ಪೋಪರ ಸಾರ್ವಜನಿಕ ದರ್ಶನ ಇರುವಾಗ ಚರ್ಚಿನೊಳಗೆ ಪ್ರವೇಶ ಇರುವುದಿಲ್ಲ, ದಿನ ನೋಡಿಕೊಳ್ಳಬೇಕು.

ಮಿಕ್ಕವರಿಗೆ, ರೋಮ್ ನೋಡಲೇಬೇಕೆಂಬ ಹಂಬಲ ನಿಜವಾಗಿದ್ದರೆ, ದಾರಿ ಬೇರೆ ಇದೆ. ಅನೇಕ ಮೆಡಿಟರೇನಿಯನ್ ಹಡಗುಗಳನ್ನು ಚಿವಿತಾವೆಕ್ಕಿಯಾದಲ್ಲೇ ಹತ್ತಬಹುದು, ಅಲ್ಲೇ ಇಳಿಯಬಹುದು. ಹತ್ತುವ ಮೊದಲು ರೋಮಿನಲ್ಲಿ ಎರಡು ರಾತ್ರಿ ಉಳಿಯಿರಿ. ಷೆಂಗೆನ್ ವೀಸಾ ಹೇಗೂ ಕೈಯಲ್ಲಿರುತ್ತದೆ. ಇಬ್ಬರಿಗೆ ಹಡಗಿನ ಟೂರಿಗೆ ತೆರುವ ದುಡ್ಡು ಹೋಟೆಲಿನ ಖರ್ಚಿನ ಒಂದು ಭಾಗವನ್ನಾದರೂ ತುಂಬುತ್ತದೆ. ಬೆಳಿಗ್ಗೆ ಬೇಗ ಎದ್ದು, ಬಸ್ಸುಗಳು ಬರುವ ಮೊದಲು ಟ್ರೆವಿಯ ಮುಂದೆ ನಿಂತವರಿಗೇ ಗೊತ್ತು ಅದು ಎಷ್ಟು ಬೇರೆ ಊರೆಂದು. ಕೊಲೋಸಿಯಂ ಟಿಕೆಟ್ಟಿನ ಮೇಲೆ 2023ರ ಅಕ್ಟೋಬರಿನಿಂದ ನೋಡುವವರ ಹೆಸರೇ ಇರಬೇಕೆಂಬ ನಿಯಮ ಬಂದಿದೆ, ಕೊನೆಯ ಗಳಿಗೆಯಲ್ಲಿ ಟಿಕೆಟ್ ಸಿಗುತ್ತದೆಂದು ನಂಬಿ ಹೋಗುವಂತಿಲ್ಲ. ಇಂಥ ಊರು ತನ್ನ ಸಮಯವನ್ನು ಕೇಳುತ್ತದೆ, ಕೊಡಬೇಕು.

ವೆನಿಸ್ಸಿನ ವಿಷಯದಲ್ಲಿ ನನ್ನ ಮಾತು ಇನ್ನೂ ಕಟುವಾಗುತ್ತದೆ. ವರ್ಷಗಟ್ಟಲೆ ದೊಡ್ಡ ಹಡಗುಗಳು ಸಂತ ಮಾರ್ಕರ ಚೌಕದ ಎದುರೇ, ಸುತ್ತಲಿನ ಮನೆಗಳಿಗಿಂತ ಎತ್ತರವಾಗಿ, ತೇಲಿ ಹೋಗುತ್ತಿದ್ದವು. 2019ರ ಜೂನಿನಲ್ಲಿ ಜುದೆಕ್ಕಾ ಕಾಲುವೆಯಲ್ಲಿ ಎಂಎಸ್‌ಸಿ ಓಪೆರಾ ಎಂಬ ಹಡಗು ಹತೋಟಿ ತಪ್ಪಿ ಧಕ್ಕೆಗೂ ಪ್ರವಾಸಿ ದೋಣಿಗೂ ಗುದ್ದಿತು. ಊರಿನವರ ಹೋರಾಟಕ್ಕೆ ಕೊನೆಗೂ ಫಲ ಸಿಕ್ಕಿತು; 2021ರ ಆಗಸ್ಟ್ 1ರಿಂದ 25,000 ಟನ್ನಿಗಿಂತ ದೊಡ್ಡ ಹಡಗುಗಳಿಗೆ ಆ ದಾರಿ ಮುಚ್ಚಿತು. ಆಮೇಲೆ ಹಲವು ಹಡಗುಗಳು ರವೆನ್ನಾದ ಪೋರ್ಟೊ ಕೊರ್ಸೀನಿಗೆ ಬರತೊಡಗಿದವು. ಅಲ್ಲಿಂದ ವೆನಿಸ್ಸಿಗೆ ಬಸ್ಸಿನಲ್ಲಿ ಎರಡು ಗಂಟೆಗೂ ಮೇಲೆ, ಬರುವಾಗ ಮತ್ತೆ ಅಷ್ಟೇ. ಹನ್ನೊಂದಕ್ಕೆ ತಲುಪಿ ಮೂರಕ್ಕೆ ಹೊರಡುವವರಿಂದ ವೆನಿಸ್ಸಿನ ಸಣ್ಣ ಸೇತುವೆಗಳೆಲ್ಲ ಅದೇ ನಾಲ್ಕು ಗಂಟೆ ಕಟ್ಟಿಹೋಗುತ್ತವೆ. ಹಳೆಯ ದ್ವೀಪನಗರದಲ್ಲಿ ವಾಸವಿರುವವರು ಈಗ 50,000ಕ್ಕಿಂತ ಕಡಿಮೆ. 2024ರ ಏಪ್ರಿಲ್ 25ರಿಂದ, ಗೊತ್ತುಮಾಡಿದ ದಿನಗಳಲ್ಲಿ, ರಾತ್ರಿ ಉಳಿಯದೆ ಬಂದುಹೋಗುವವರಿಂದ ನಗರಸಭೆ ಶುಲ್ಕ ವಸೂಲಿ ಮಾಡತೊಡಗಿದ್ದು ಈ ಒತ್ತಡ ತಾಳಲಾರದೆ. ಹಡಗನ್ನೇ ಬೇಡವೆಂದ ಊರಿಗೆ ಹಡಗಿನ ಜನರನ್ನು ಬಸ್ಸಿನಲ್ಲಿ ತುಂಬಿಕೊಂಡು ಹೋಗುವುದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಅದಕ್ಕಿಂತ ಹೆಚ್ಚಿನ ಅನ್ಯಾಯ ರವೆನ್ನಾಕ್ಕೆ ಆಗುತ್ತಿದೆ. ಕ್ರಿ.ಶ. 402ರಿಂದ ಪಶ್ಚಿಮ ರೋಮನ್ ಸಾಮ್ರಾಜ್ಯಕ್ಕೆ ರಾಜಧಾನಿಯಾಗಿದ್ದ ಊರು ಅದು; ಆಮೇಲೆ ಆಸ್ಟ್ರೊಗಾತರ ದೊರೆ ಥಿಯೊಡೊರಿಕ್ ಅಲ್ಲಿಂದ ಆಳಿದ, ಬೈಜಾಂಟಿಯಂ ಅದನ್ನು ಗೆದ್ದುಕೊಂಡಿತು. ಫ್ಲಾರೆನ್ಸ್ ಗಡಿಪಾರು ಮಾಡಿದ ಕವಿ ಡಾಂಟೆ 1321ರಲ್ಲಿ ಸತ್ತದ್ದು ಇಲ್ಲಿ, ಸಮಾಧಿಯೂ ಇಲ್ಲೇ. ರೋಮನ್ ರಾಜಮನೆತನದ ಗಲ್ಲಾ ಪ್ಲಾಸೀಡಿಯಾಳ ಹೆಸರಿನ ಪುಟ್ಟ ಕಟ್ಟಡವನ್ನು ಹೊರಗಿನಿಂದ ಕಂಡವರು ಯಾವುದೋ ಹಳೆಯ ಇಟ್ಟಿಗೆಯ ಉಗ್ರಾಣ ಎಂದುಕೊಂಡಾರು. ತಲೆ ತಗ್ಗಿಸಿ ಒಳಹೊಕ್ಕರೆ ಮೊದಲು ಏನೂ ಕಾಣುವುದಿಲ್ಲ. ಕಿಟಕಿಗಳಿಗೆ ಗಾಜಿನ ಬದಲು ತೆಳುವಾದ ಅಲಬಾಸ್ಟರ್ ಕಲ್ಲಿನ ಹಲಗೆ, ಅದರಿಂದ ಜೇನುಬಣ್ಣದ ಬೆಳಕು ಒಸರುತ್ತದೆ. ಕಣ್ಣು ಹೊಂದಿಕೊಂಡ ಹಾಗೆ ತಲೆಯ ಮೇಲೆ ಕಡುನೀಲಿ ಚಾವಣಿ, ಅದರ ತುಂಬ ಸಾಲುಸಾಲು ಚಿನ್ನದ ನಕ್ಷತ್ರಗಳು ಎದ್ದು ಬರುತ್ತವೆ. ಗೋಡೆಯಲ್ಲಿ ಬೋಗುಣಿಯ ಅಂಚಿಗೆ ಕೂತ ಪಾರಿವಾಳಗಳು. ಪಕ್ಕದಲ್ಲೇ 547ರಲ್ಲಿ ಪ್ರತಿಷ್ಠಾಪನೆಯಾದ ಸಾನ್ ವಿತಾಲೆ ಚರ್ಚು. ಅಲ್ಲಿ ಚಕ್ರವರ್ತಿ ಜಸ್ಟಿನಿಯನ್, ಎದುರು ಗೋಡೆಯಲ್ಲಿ ರಾಣಿ ಥಿಯೊಡೋರಾ, ತಮ್ಮ ಪರಿವಾರ ಸಮೇತ ನಿಂತಿದ್ದಾರೆ. ಗಾಜಿನ ಬಿಲ್ಲೆಗಳನ್ನು ಒಂದೇ ಮಟ್ಟಕ್ಕೆ ಕೂರಿಸದೆ ಬೇರೆಬೇರೆ ಕೋನಕ್ಕೆ ಓರೆಮಾಡಿ ಒತ್ತಿರುವುದರಿಂದ ನೀವು ಎರಡು ಹೆಜ್ಜೆ ಸರಿದರೆ ಚಿನ್ನದ ಹಿನ್ನೆಲೆಯ ಹೊಳಪೂ ಸರಿಯುತ್ತದೆ. ಯುನೆಸ್ಕೊ 1996ರಲ್ಲಿ ಪಟ್ಟಿಗೆ ಸೇರಿಸಿದ ಈ ಕಟ್ಟಡಗಳು ಬಂದರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಇವನ್ನು ಬೆನ್ನಿಗೆ ಹಾಕಿ ಹೆದ್ದಾರಿ ಹಿಡಿಯುವ ಬಸ್ಸುಗಳನ್ನು ನೆನೆದರೆ ಸಂಕಟವಾಗುತ್ತದೆ.

ನಮ್ಮ ಮಂಗಳೂರಿನ ಪಣಂಬೂರು ಬಂದರಿಗೂ ವಿದೇಶಿ ಪ್ರವಾಸಿ ಹಡಗುಗಳು ಬರುತ್ತವೆ. ಅವುಗಳಲ್ಲಿ ಬಂದವರು ಕಾರ್ಕಳದ ಗೊಮ್ಮಟನನ್ನು, ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು, ಮಂಗಳೂರಿನೊಳಗಿನ ಅಲೋಶಿಯಸ್ ಚಾಪೆಲ್ಲನ್ನು ನೋಡಿ ಸಂಜೆಗೆ ಹಡಗು ಸೇರುತ್ತಾರೆ. ಆ ಚಾಪೆಲ್ಲಿನ ಗೋಡೆ ಚಾವಣಿಗಳಿಗೆ ಬಣ್ಣ ತುಂಬಿದವರು ಇಟಲಿಯಿಂದಲೇ ಬಂದ ಜೆಸ್ವಿಟ್ ಆಂಟೋನಿಯೊ ಮೊಸ್ಕೇನಿ. ರವೆನ್ನಾದಿಂದ ವೆನಿಸ್ಸಿಗೆ ಇರುವಷ್ಟೇ ದೂರ, ಹೆಚ್ಚುಕಡಿಮೆ, ಮಂಗಳೂರಿನಿಂದ ಬೇಲೂರಿಗೆ ಇದೆ. ಬೇಲೂರು ದೊಡ್ಡದು ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಆದರೂ ಘಾಟಿ ಹತ್ತಿಳಿದು ಒಂದೇ ಹಗಲಿನಲ್ಲಿ ಚೆನ್ನಕೇಶವನನ್ನು ಮುಗಿಸಿ ಬನ್ನಿ ಎಂದು ಆ ಅತಿಥಿಗಳಿಗೆ ನಾವು ಹೇಳುವುದಿಲ್ಲ. ಮೂಡುಬಿದಿರೆಯ ಕಂಬಗಳ ನಡುವೆ ನಿಧಾನವಾಗಿ ನಡೆದವರಿಗೆ ಕಡಿಮೆಯಾಯಿತೆಂದು ನಮಗೆ ಅನ್ನಿಸುವುದೂ ಇಲ್ಲ.

ಲಿವೋರ್ನೊದ ಮಾತು ಚಿಕ್ಕದು. ಫ್ಲಾರೆನ್ಸಿಗೆ ರೈಲಿನಲ್ಲಿ ಒಂದೂಕಾಲು ಒಂದೂವರೆ ಗಂಟೆ, ಪೀಸಾಕ್ಕೆ ಕಾಲು ಗಂಟೆಗಿಂತ ತುಸು ಹೆಚ್ಚು. ಪೀಸಾಕ್ಕೆ ಹೋಗಿ ವಾಲುಗೋಪುರದ ಪಕ್ಕದ ಕೆಥೆಡ್ರಲ್ಲನ್ನೂ ಸಮಾಧಿ ಪ್ರಾಂಗಣವನ್ನೂ ಒಳಹೊಕ್ಕು ನೋಡಿ ಬರಬಹುದು. ಇಲ್ಲವೇ ಲಿವೋರ್ನೊದಲ್ಲೇ ಉಳಿಯಬಹುದು. ಮೆದಿಚಿ ದೊರೆಗಳು 1590ರ ದಶಕದಲ್ಲಿ ಯಹೂದಿ, ಗ್ರೀಕ್, ಅರ್ಮೇನಿಯನ್ ವ್ಯಾಪಾರಿಗಳಿಗೆಲ್ಲ ಅಭಯ ಕೊಟ್ಟು ಕರೆದು ಬೆಳೆಸಿದ ಬಂದರು ಅದು. ಕಾಲುವೆಗಳ ಬಡಾವಣೆಯೂ ಇದೆ. ಅಲ್ಲಿಯ ಅಂಗಡಿಗಳಲ್ಲಿ ಕಡಲೆಹಿಟ್ಟನ್ನು ತೆಳ್ಳಗೆ ಕಲಸಿ ದೊಡ್ಡ ತಟ್ಟೆಯಲ್ಲಿ ಸುರಿದು ಒಲೆಯಲ್ಲಿ ಬೇಯಿಸಿ, ಬಿಸಿಬಿಸಿಯಾಗಿ ಕತ್ತರಿಸಿ ಬ್ರೆಡ್ಡಿನ ನಡುವೆ ಇಟ್ಟುಕೊಡುತ್ತಾರೆ. ಸಸ್ಯಾಹಾರಿಗಳಿಗೆ ಇಟಲಿಯಲ್ಲಿ ಇದಕ್ಕಿಂತ ನೆಮ್ಮದಿಯ ತಿಂಡಿ ಕಡಿಮೆ.

ನೇಪಲ್ಸಿನಲ್ಲಿ ಮಾತ್ರ ಹತ್ತಿರದ್ದೂ ದೊಡ್ಡದ್ದೂ ಒಂದೇ ಆಗಿದೆ. ಹಡಗು ಊರಿನ ನಡುವಿಗೇ ಬಂದು ನಿಲ್ಲುತ್ತದೆ, ಧಕ್ಕೆಯಿಂದ ಕೋಟೆಗೆ ರಸ್ತೆ ದಾಟಿದರೆ ಆಯಿತು. ಗಾರಿಬಾಲ್ದಿ ನಿಲ್ದಾಣದಿಂದ ಲೋಕಲ್ ರೈಲಿನಲ್ಲಿ ಪಾಂಪೇಗೆ ಸುಮಾರು ನಲವತ್ತು ನಿಮಿಷ. ರೈಲು ಕಿಕ್ಕಿರಿದಿರುತ್ತದೆ, ಜೇಬುಗಳ್ಳರ ಭಯವೂ ಉಂಟು, ಪರ್ಸನ್ನು ಎದೆಯ ಮುಂದೆ ಹಿಡಿದುಕೊಳ್ಳಬೇಕು. ಇಲ್ಲಿ ನನ್ನ ತಕರಾರು ಟೂರುಗಳು ಪಾಂಪೇಯ ಜೊತೆಗೆ ಸೊರೆಂಟೊ, ಕ್ಯಾಪ್ರಿಗಳನ್ನು ಪೋಣಿಸುವುದರ ಬಗ್ಗೆ. ಪಾಂಪೇಗೆ ಸರಿಯಾದ ಜೊತೆ ನೇಪಲ್ಸಿನೊಳಗಿನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸ್ಫೋಟಿಸಿ ಹೂತ ಊರಿನ ರಸ್ತೆ, ಗಾಡಿಚಕ್ರ ಕೊರೆದ ಜಾಡು, ಮಳೆನೀರಿನಲ್ಲಿ ಕಾಲು ತೋಯದಂತೆ ದಾಟಲು ಇಟ್ಟ ಎತ್ತರದ ಕಲ್ಲುಗಳು ಪಾಂಪೇಯಲ್ಲಿವೆ. ಮನೆಗಳ ಒಳಗಿದ್ದ ಒಳ್ಳೆಯ ಸಾಮಾನು, ಚಿತ್ರ, ಮೊಸಾಯಿಕ್ಕುಗಳೆಲ್ಲ ಬಹುಪಾಲು ಮ್ಯೂಸಿಯಮ್ಮಿನಲ್ಲಿವೆ. ಒಂದನ್ನೇ ನೋಡಿದರೆ ಅರ್ಧವಷ್ಟೇ ನೋಡಿದಂತೆ.

ಮ್ಯೂಸಿಯಮ್ಮಿನಲ್ಲಿ ಇಪ್ಪತ್ತೈದು ಸೆಂಟಿಮೀಟರ್ ಎತ್ತರದ ಒಂದು ದಂತದ ಹೆಣ್ಣು ಇದ್ದಾಳೆ. ಕೊರಳ ತುಂಬ ಹಾರ, ಕೈತುಂಬ ಬಳೆ, ಕಾಲಿಗೆ ಕಡಗ, ಎರಡು ಪಕ್ಕಕ್ಕೂ ಪುಟ್ಟ ಸಖಿಯರು. 1938ರಲ್ಲಿ ಪಾಂಪೇಯ ಮನೆಯೊಂದರಲ್ಲಿ ಸಿಕ್ಕವಳು, ಮಾಡಿದವರು ಭಾರತದವರು. ಲಕ್ಷ್ಮಿ ಎಂದು ಹೆಸರಾಯಿತು. ಯಕ್ಷಿ ಇರಬೇಕು ಎಂಬುದು ಈಗ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅದೇ 79ರ ಸ್ಫೋಟದಲ್ಲಿ ಸತ್ತ ರೋಮನ್ ಲೇಖಕ ಪ್ಲಿನಿ, ಪ್ರತಿವರ್ಷ ರೋಮಿನಿಂದ ಐದು ಕೋಟಿ ಸೆಸ್ಟರ್ಸ್ ಹಣ ಭಾರತಕ್ಕೆ ಹರಿದುಹೋಗುತ್ತಿದೆ ಎಂದು ದೂರಿ ಬರೆದಿದ್ದ. ಆ ಕಾಲದ ರೋಮನ್ ಬೆಳ್ಳಿ ನಾಣ್ಯಗಳು ಬೆಂಗಳೂರಿನ ಯಶವಂತಪುರದಲ್ಲಿ, ಎಚ್‌ಎಎಲ್ ಬಳಿ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ನೆಲದಿಂದ ಎದ್ದುಬಂದಿವೆ. ಕನ್ನಡದ ಓದುಗರೊಬ್ಬರು ಈ ದಂತದ ಹೆಣ್ಣಿನ ಮುಂದೆ ನಿಲ್ಲದೆ ಲಿಂಬೆಯ ಸಾಬೂನು ಕೊಳ್ಳಲು ಸೊರೆಂಟೊಗೆ ಹೋಗುವುದನ್ನು ನನ್ನಿಂದ ಸಮರ್ಥಿಸಲು ಆಗದು.

ಹಡಗಿನ ಟೂರನ್ನೇ ತೆಗೆದುಕೊಳ್ಳುವವರು ದುಡ್ಡು ಕಟ್ಟುವ ಮೊದಲು ಕೌಂಟರಿನಲ್ಲಿ ಕೇಳಬೇಕಾದದ್ದು ಹೆಚ್ಚೇನಿಲ್ಲ. ಬಸ್ಸಿನೊಳಗೆ ಒಟ್ಟು ಎಷ್ಟು ಗಂಟೆ, ಪಟ್ಟಿಯಲ್ಲಿರುವ ಜಾಗಗಳಲ್ಲಿ ಯಾವುದಕ್ಕೆ ಒಳಗೆ ಟಿಕೆಟ್ ಇದೆ, ಚರ್ಮದ ಅಂಗಡಿಗೋ ಹವಳದ ಕಾರ್ಖಾನೆಗೋ ಕರೆದೊಯ್ಯುತ್ತಾರೆಯೇ. ಕೊನೆಯ ಪ್ರಶ್ನೆಗೆ ಹೌದು ಎಂದರೆ ನಿಮ್ಮ ಒಂದು ಗಂಟೆ ಹೋಯಿತು ಎಂದೇ ಅರ್ಥ.

ವಯಸ್ಸಾದ ಅಪ್ಪ ಅಮ್ಮನನ್ನು ಕಳಿಸುವ ಮಕ್ಕಳಿಗೆ ಒಂದು ವಿಷಯ. ಪಾಂಪೇ ದೊಡ್ಡದು, ನೆರಳು ಕಡಿಮೆ, ಹಾಸುಗಲ್ಲುಗಳ ಮೇಲೆ ಮೊಣಕಾಲು ನೋವಿನವರು ಜುಲೈ ಬಿಸಿಲಿನಲ್ಲಿ ಒಂದು ಗಂಟೆಯೂ ನಡೆಯಲಾರರು. 2024ರ ನವೆಂಬರಿನಿಂದ ದಿನಕ್ಕೆ 20,000 ಮಂದಿಗಷ್ಟೇ ಪ್ರವೇಶ, ಟಿಕೆಟ್ಟಿನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಬೇಕು. ವಯಸ್ಸಾದವರಿಗೆ ಅದೇ ರೈಲುದಾರಿಯಲ್ಲಿ ಇನ್ನೂ ಹತ್ತಿರವಿರುವ ಹರ್ಕ್ಯುಲೇನಿಯಂ ಒಳ್ಳೆಯದು. ಅದೂ ಅದೇ ಸ್ಫೋಟದಲ್ಲಿ ಹೂತುಹೋದ ಊರು, ಪಾಂಪೇಗಿಂತ ಎಷ್ಟೋ ಚಿಕ್ಕದು, ಮಹಡಿಯ ಮನೆಗಳು ಉಳಿದಿವೆ, ಸುಟ್ಟು ಇದ್ದಲಾದ ಮರದ ಬಾಗಿಲು ತೊಲೆಗಳೂ ಇದ್ದಲ್ಲೇ ಇವೆ. ನಿಲ್ದಾಣದಿಂದ ಹೋಗುವಾಗ ಇಳಿಜಾರು, ಬರುವಾಗ ಏರು, ಏರಿಗೆ ಟ್ಯಾಕ್ಸಿ ಹಿಡಿಯಲಿ. ಬೆಳಿಗ್ಗೆ ಹೋದರೆ ಮಧ್ಯಾಹ್ನಕ್ಕೆ ನೇಪಲ್ಸಿಗೆ ಮರಳಿ ಮ್ಯೂಸಿಯಮ್ಮಿಗೂ ಎರಡು ಗಂಟೆ ಕೊಡಬಹುದು. ಮ್ಯೂಸಿಯಂ ಮಂಗಳವಾರ ಮುಚ್ಚಿರುತ್ತದೆ. ಹಡಗು ನೇಪಲ್ಸ್ ತಲುಪುವುದು ಯಾವ ವಾರ ಎಂಬುದನ್ನು ಟಿಕೆಟ್ ತೆಗೆಯುವ ಮೊದಲೇ ನೋಡಿಕೊಳ್ಳಿ.